ಬಚ್ಚಲಿನ ಬೂಷ್ಟು

ತೀರ್ಥಹಳ್ಳಿಯ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಬಿಸಿಲು ದೂರದ ನೆಂಟನಂತೆ; ಎಂದೋ ಒಮ್ಮೆ ಮುಖ ತೋರಿಸಿ ಮರೆಯಾಗುತ್ತದೆ. ಆದರೆ ಕರೆಯದೆ ಬಂದು, ಹೊರಡಲೊಲ್ಲದೆ ಕೂರುವ ಅತಿಥಿಯೊಂದಿದೆ, ಅದೇ ಬೂಷ್ಟು. ಮೂಲೆಯ ಚಪ್ಪಲಿ, ಕಪಾಟಿನ ಪುಸ್ತಕ, ಉಪ್ಪಿನಕಾಯಿಯ ಭರಣಿ ಯಾವುದನ್ನೂ ಅದು ಬಿಡದು. ಅದರ ತವರುಮನೆ ಮಾತ್ರ ಬಚ್ಚಲು.

ಅಲ್ಲಿಯ ಒಂದು ಮನೆ. ಐದು ವರ್ಷದ ಮಗಳು, ಅಂಬೆಗಾಲಿಡುವ ಮಗ. ಬಚ್ಚಲಿನ ಮೂಲೆಯಲ್ಲಿ ಸಾಸಿವೆಯಷ್ಟಿದ್ದ ಕಪ್ಪು ಚುಕ್ಕೆಗಳು ತಿಂಗಳೊಳಗೆ ಅಂಗೈಯಗಲ ಹಬ್ಬಿದವು. ಮಗಳಿಗೆ ರಾತ್ರಿಯ ಕೆಮ್ಮು ಬಿಡದಾಯಿತು. ವೈದ್ಯರು ಔಷಧ ಬರೆದುಕೊಟ್ಟು, "ಮನೆಯಲ್ಲಿ ತೇವವಿದೆಯೆ?" ಎಂದು ಕೇಳಿದರು. ತೇವಕ್ಕೂ ಬೂಷ್ಟಿಗೂ ಉಬ್ಬಸದಂಥ ಬೇನೆಗಳಿಗೂ ನಂಟಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2009ರಲ್ಲಿ ಹೇಳಿದೆ.

ಭಾನುವಾರ ತಂದೆ ಯುದ್ಧಕ್ಕೆ ಇಳಿದನು. ಬ್ಲೀಚಿಂಗ್ ಪೌಡರಿನ ನೀರನ್ನು ಗೋಡೆಗೆ ಬಳಿದನು. ಕಲೆ ಕೂಡಲೆ ಹೋಗಲಿಲ್ಲ. ಒಂದಕ್ಕಿಂತ ಎರಡು ಮೇಲಲ್ಲವೆ ಎಂದು ಕಕ್ಕಸು ತೊಳೆಯುವ ಆಸಿಡ್ಡನ್ನೂ ಅದರ ಮೇಲೆಯೇ ಸುರಿದನು. ಕ್ಷಣಾರ್ಧದಲ್ಲಿ ಘಾಟೆದ್ದಿತು, ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಅಷ್ಟರಲ್ಲಿ ಮಗು ಅಪ್ಪನನ್ನು ಅರಸಿ ಹೊಸ್ತಿಲಿಗೆ ಬಂದಿತ್ತು. ಅಜ್ಜಿ ಓಡಿಬಂದು ಅದನ್ನು ಬಾಚಿ ಎತ್ತಿಕೊಂಡಳು.

"ಗೋಡೆ ಹಾಳಾಗಲಿ, ನೀನು ಮೊದಲು ಹೊರಗೆ ಬಾರೋ!"

ಎಲ್ಲರೂ ಅಂಗಳಕ್ಕೆ ಬಂದು ಉಸಿರಾಡಿದರು. ಆ ಘಾಟು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಕಂದಕಗಳತ್ತ ಹರಿಯಬಿಟ್ಟುದೂ ಇದನ್ನೇ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಕೂಡಿದರೆ ಇದು ಹುಟ್ಟುತ್ತದೆ. ಅಮೋನಿಯ ಕೂಡಿದರೆ ಬೇರೊಂದು ವಿಷಾನಿಲ.

ಮರುವಾರ ಸೊಸೆಯೇ ಮುಂದಾದಳು. ಮಕ್ಕಳನ್ನು ಅಜ್ಜಿಯೊಡನೆ ಪಕ್ಕದ ಮನೆಗೆ ಕಳುಹಿಸಿ, ಕಿಟಕಿ ತೆರೆದು, ಕೈಗೆ ರಬ್ಬರಿನ ಚೀಲ, ಮೂಗಿಗೆ ಮುಖಗವಸು ತೊಟ್ಟಳು. ಒಣ ಬೂಷ್ಟನ್ನು ಕೆರೆದರೆ ಅದರ ಕಣಗಳು ಗಾಳಿಗೇಳುತ್ತವೆ. ಆದುದರಿಂದ ಮೊದಲು ಒದ್ದೆಮಾಡಿ, ಸೋಪಿನ ನೀರಿನಲ್ಲಿ ಉಜ್ಜಿ, ತೊಳೆದು, ಬಟ್ಟೆಯಿಂದ ಒರಸಿದಳು. ಬೂಷ್ಟು ಹೊಕ್ಕಿದ್ದ ನಾರಿನ ಕಾಲೊರಸನ್ನು ಎಸೆದಳು. ಗೋಡೆ ಒಣಗಿದಾಗ, ಒಂದು ಕಡೆ ಮಾತ್ರ ತೇವ ಆರದೆ ಉಳಿಯಿತು. ಒಳಗಿನ ಕೊಳವೆ ಸೋರುತ್ತಿತ್ತು! ಅದನ್ನು ಸರಿಪಡಿಸದೆ ಎಷ್ಟು ಉಜ್ಜಿದರೇನು, ಮೇಲೆ ಬಣ್ಣ ಬಳಿದರೇನು? ನೀರುಳ್ಳಲ್ಲಿ ಬೂಷ್ಟು ಮತ್ತೆ ಚಿಗುರುತ್ತದೆ.

"ಹಂಡೆಯೊಲೆ ಎರಡು ಹೊತ್ತೂ ಉರಿಯುತ್ತಿದ್ದಾಗ ಗೋಡೆಗೆ ಮಸಿ ಹಿಡಿಯುತ್ತಿತ್ತೇ ಹೊರತು ಬೂಷ್ಟು ಹಿಡಿಯುತ್ತಿರಲಿಲ್ಲ" ಎಂದಳು ಅಜ್ಜಿ. ಆ ಹೊಗೆಯನ್ನು ಕುಡಿದು ಕೆಮ್ಮಿದವಳೂ ಅವಳೇ. ಒಲೆ ಹೋಗಿ ಗೀಸರ್ ಬಂದಿತು. ಹಂಚಿನ ಸಂದು ಹೋಗಿ ತಾರಸಿ ಬಂದಿತು. ಹಬೆಗೆ ಮಾತ್ರ ಹೊರಬೀಳುವ ದಾರಿ ಉಳಿಯಲಿಲ್ಲ.

ಈಗ ಅಲ್ಲೊಂದು ಗಾಳಿ ಹೊರದೂಡುವ ಫ್ಯಾನಿದೆ. ಸ್ನಾನವಾದ ಮೇಲೆ ಗೋಡೆ ಒರಸುವ ಕೆಲಸ ಮಗಳದು. ಅವಳ ಕೆಮ್ಮು ಇಳಿದುದು ಔಷಧದಿಂದಲೋ, ಗೋಡೆ ಒಣಗಿದುದರಿಂದಲೋ, ಹೇಳುವವರಾರು? ಆಸಿಡ್ಡಿನ ಸೀಸೆ ಬೀಗವಿರುವ ಕಪಾಟನ್ನು ಸೇರಿದೆ. ಬ್ಲೀಚಿಂಗ್ ಪೌಡರು ಇರುವುದು ಬೇರೊಂದು ಕೋಣೆಯ ಅಟ್ಟದ ಮೇಲೆ.