ಹತ್ತು ರೂಪಾಯಿಯ ಬೇವಿನ ಹೂವು

ಬಳ್ಳಾರಿಗೆ ವಸಂತವು ಪಂಚಾಂಗದಲ್ಲಿ ಮಾತ್ರ ಬರುತ್ತದೆಂದು ಹೊರಗಿನವರು ಹಾಸ್ಯ ಮಾಡುತ್ತಾರೆ. ನಮಗಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಅವರಿಗೆ ಹೇಳಿಕೊಟ್ಟವರು ನಾವೇ. ಆದರೆ ಯುಗಾದಿಗೆ ಎರಡು ದಿನ ಮುಂಚೆ, ಬಿಸಿಲೇರುವುದರೊಳಗೆ, ಸಂಗನಕಲ್ಲಿನ ಕಡೆಯ ರಸ್ತೆಯಂಚಿನಲ್ಲಿ ರೈತರು ಗೋಣಿತಾಟು ಹಾಸಿ ಕುಳಿತಿರುವುದನ್ನು ಕಂಡವರು ಹಾಗೆ ಹೇಳಲಾರರು.

ಈ ವರ್ಷ ಹಬ್ಬದ ಸಂತೆ ನನ್ನ ಪಾಲಿಗೆ ಬಂದಿತು. ನಮ್ಮಾಕೆಗೆ ಮೊಣಕಾಲು ನೋವು. ಚೀಟಿ ಬರೆದು, ಕೈಚೀಲ ಕೊಟ್ಟು, "ಮೊದಲು ಒಂದು ಸುತ್ತು ಹಾಕಿ, ಆಮೇಲೆ ಕೊಳ್ಳಿ" ಎಂದು ಹೇಳಿ ಕಳುಹಿಸಿದಳು. ಮೂವತ್ತೈದು ವರ್ಷ ಕಚೇರಿಯಲ್ಲಿ ಲೆಕ್ಕ ಬರೆದವನಿಗೆ ಉಪದೇಶವೇ ಎಂದು ನಗುತ್ತ ಹೊರಟೆ.

ಸುತ್ತು ಹಾಕಿದ್ದು ಒಳ್ಳೆಯದೇ ಆಯಿತು. ತೊಟ್ಟಿನಲ್ಲಿ ಇನ್ನೂ ಸೊನೆ ಆರದ ಮಾವಿನಕಾಯಿ. ಬೀಜ ಬಿಡಿಸಿ ಉಂಡೆ ಕಟ್ಟಿದ ಹೊಸ ಹುಣಸೆಹಣ್ಣು. ಕಟ್ಟು ಕಟ್ಟಾಗಿ ನುಗ್ಗೆಕಾಯಿ. ಹಿಡಿ ಹಿಡಿಯಾಗಿ ಪುಂಡಿಪಲ್ಯ. ಕಲ್ಲಂಗಡಿ ಹಣ್ಣಿನ ರಾಶಿಯ ಮೇಲೆ ಒಂದನ್ನು ಕೊಯ್ದು, ಒಳಗಿನ ಕೆಂಪನ್ನು ಸಾಕ್ಷಿಗೆ ನಿಲ್ಲಿಸಿದ್ದರು. ಬಳ್ಳಾರಿಯ ಅಂಜೂರಕ್ಕೆ ಹೆಸರುಂಟು. ಅದು ಎಲೆಯ ಮೇಲೆ ಮಲಗಿ, ಮುಟ್ಟಿದರೆ ಮುನಿಯುವಂತಿತ್ತು. ಬ್ಯಾಡಗಿ ಮೆಣಸಿನಕಾಯಿಯ ಹತ್ತಿರ ನಾಲ್ಕು ಸಲ ಸೀನಿದೆ. ಬಳ್ಳಾರಿ ಸೀಮೆಯ ರೈತರು ಮೂಟೆಗಟ್ಟಲೆ ಮೆಣಸಿನಕಾಯಿಯನ್ನು ಹಾವೇರಿ ಜಿಲ್ಲೆಯ ಬ್ಯಾಡಗಿಯವರೆಗೂ ಒಯ್ದು ಮಾರುತ್ತಾರೆ. ಉಳಿದ ಚೂರುಪಾರು ಇಲ್ಲಿ ನಮ್ಮ ಮೂಗಿಗೆ. ಸಿರುಗುಪ್ಪದ ಸೋನಾ ಮಸೂರಿ ಅಕ್ಕಿಯ ಚೀಲಗಳೂ ಇದ್ದವು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆದಮೇಲೆ ಕಾಲುವೆಯ ನೀರು ಹರಿದ ಸೀಮೆ ಅದು.

ಚೀಟಿಯ ಕೊನೆಯಲ್ಲಿ 'ಬೇವಿನ ಹೂವು' ಎಂದಿತ್ತು. ಒಂದು ಮೂಲೆಯಲ್ಲಿ ಮುದುಕಿಯೊಬ್ಬಳು ಹುರುಳಿಯ ರಾಶಿಯ ಪಕ್ಕದಲ್ಲಿ, ಮುತ್ತುಗದ ಎಲೆಯ ಮೇಲೆ, ಬಿಳಿಯ ಹೂವನ್ನು ಹಿಡಿ ಹಿಡಿಯಾಗಿ ಇಟ್ಟಿದ್ದಳು.

"ಎಷ್ಟವ್ವಾ?"

"ಹತ್ತು ರೂಪಾಯಿಗೆ ಒಂದು ಹಿಡಿ."

"ಬೇವಿನ ಹೂವಿಗೂ ದುಡ್ಡೇ! ಮರ ಪುಕ್ಕಟೆ ಕೊಡುವುದಲ್ಲವೇ?"

"ಮರ ಪುಕ್ಕಟೆ ಕೊಡತೈತಿ ಯಪ್ಪಾ. ರಾತ್ರಿ ಸೀರಿ ಹಾಸಿ, ಮುಂಜಾನಿ ಎದ್ದು ಕಸ ಆರಿಸೋರು ಯಾರು?" ಎಂದು, ನನ್ನ ಇಸ್ತ್ರಿಯ ಅಂಗಿಯನ್ನೊಮ್ಮೆ ನೋಡಿ, "ನಿಮ್ಮ ಮನಿ ಮುಂದ ಗಿಡ ಇಲ್ಲೇನ್ರೀ?" ಎಂದಳು.

ಇತ್ತು. ಹೋದ ವರ್ಷದ ಮಾಘದವರೆಗೆ ಇತ್ತು. ಮಗನ ಕಾರಿಗೆ ಷೆಡ್ಡು ಬೇಕೆಂದೂ, ಎಲೆ ಉದುರಿ ತಾರಸಿಯ ನೀರು ಕಟ್ಟುತ್ತದೆಂದೂ ಕಡಿಸಿದವನು ನಾನು. "ಯುಗಾದಿ ಕಳೆಯಲಿ, ಹೂವು ಬರಲಿ" ಎಂದು ನಮ್ಮಾಕೆ ಒಂದೇ ಒಂದು ಸಲ ಹೇಳಿದಳು. ಆಳುಗಳು ಸಿಕ್ಕಿದ್ದಾರೆ, ಮತ್ತೆ ಸಿಗುವುದಿಲ್ಲ ಎಂದೆ. ಆಮೇಲೆ ಆಕೆ ಆ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಚೀಟಿಯಲ್ಲಿ ಆ ಎರಡು ಪದ ಕಡೆಯ ಸಾಲಿನಲ್ಲಿ ಏಕೆ ಕುಳಿತಿವೆಯೆಂದು ಆಗ ತಿಳಿಯಿತು.

ಮುದುಕಿಗೆ ಸುಳ್ಳು ಹೇಳಲಾಗಲಿಲ್ಲ. "ಕಡಿಸಿಬಿಟ್ಟೆನವ್ವಾ" ಎಂದೆ. ಆಕೆ ಬಯ್ಯಲಿಲ್ಲ, ಹೂವಿನ ಮೇಲೆ ಇನ್ನೊಂದು ಚಿಟಿಕೆ ಹಾಕಿ ಕಟ್ಟಿದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ನಾಚಿಕೆ ಮುಚ್ಚಲೆಂದು ಒಂದು ಸೇರು ಹುರುಳಿಯನ್ನೂ ಕೊಂಡೆ. ಅಳೆಯುತ್ತಿದ್ದಾಗ ದೂರದ ಗುಡ್ಡಗಳು ಕಣ್ಣಿಗೆ ಬಿದ್ದವು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ನವಶಿಲಾಯುಗದ ಜನ ದನ ಸಾಕಿಕೊಂಡು ಬಾಳಿದ್ದರು. ಅವರು ಬಿಟ್ಟುಹೋದ ಮಣ್ಣಿನಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು ಕಾಳು ವಿದ್ವಾಂಸರಿಗೆ ಸಿಕ್ಕಿವೆ. ಹಿರೇಗುಡ್ಡದಲ್ಲಿ ಅವರು ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿಯಾಗಿ ಮಾಡಿದರು. ಹುರುಳಿ, ಕೊಡಲಿ ಎರಡೂ ಈ ನೆಲದಲ್ಲಿ ಹಳೆಯವೇ. ಅವರೂ ಮರ ಕಡಿದಿರಬೇಕು. ಆದರೆ ಕಾರು ನಿಲ್ಲಿಸಲು ಕಡಿದಿರಲಾರರು.

"ಒಂದು ಬೇವಿನ ಸಸಿ ಸಿಕ್ಕೀತೇ?" ಎಂದು ಕೇಳಿದೆ.

"ಸಸಿ ಯಾಕ? ಕಾರಹುಣ್ಣಿಮಿ ಹೊತ್ತಿಗೆ ಬರ್ರಿ, ಹಣ್ಣು ಉದುರತಾವು. ಬೀಜ ಹಸಿ ಇದ್ದಾಗಲೇ ಊರಬೇಕು, ಇಟ್ಟರೆ ಹುಟ್ಟಂಗಿಲ್ಲ."

ಮನೆಯಲ್ಲಿ ನಮ್ಮಾಕೆ ಚೀಲವನ್ನು ಸುರುವಿ ಪರೀಕ್ಷೆ ನಡೆಸಿದಳು. ನುಗ್ಗೆಕಾಯಿ ಬಲಿತದ್ದು, ಮಾವಿನಕಾಯಿ ಪರವಾಗಿಲ್ಲ. ಹೂವಿನ ಪೊಟ್ಟಣವನ್ನು ಬಿಚ್ಚಿ ಮೂಸಿದಳು.

"ಎಷ್ಟು ಕೊಟ್ಟಿರಿ?"

"ಹತ್ತು."

"ಚೌಕಾಸಿ ಮಾಡಲಿಲ್ಲವೇ?"

"ಇಲ್ಲ." ಮುದುಕಿ ಬೀಜದ ವಿಷಯ ಹೇಳಿದ್ದನ್ನೂ ಹೇಳಿದೆ. ಷೆಡ್ಡಿನ ಆಚೆ ಗೋಡೆಯವರೆಗೆ ಇನ್ನೂ ಮೂರಡಿ ಮಣ್ಣು ಉಳಿದಿದೆ ಎಂದೂ ಸೇರಿಸಿದೆ. ಆಕೆ ಏನೂ ಹೇಳದೆ ಹೂವನ್ನು ಮೊರಕ್ಕೆ ಹಾಕಿ ನೆರಳಿನಲ್ಲಿಟ್ಟಳು.

ಹಬ್ಬದ ದಿನ ಬೇವುಬೆಲ್ಲ ತಿಂದು, ಹೊಸ ಪಂಚಾಂಗದಲ್ಲಿ ನನ್ನ ರಾಶಿಯ ಆಯವ್ಯಯ ನೋಡೋಣವೆಂದು ಪುಟ ತಿರುವಿದೆ. ಜ್ಯೇಷ್ಠ ಮಾಸದ ಪುಟದಲ್ಲಿ ಹುಣ್ಣಿಮೆಯ ಪಕ್ಕಕ್ಕೆ ಪೆನ್ಸಿಲಿನಿಂದ ಒಂದು ಗೀಟು ಬಿದ್ದಿತ್ತು. ಅದು ನಾನು ಹಾಕಿದ್ದಲ್ಲ.