ಒಬ್ಬರೇ ಆಡುವ ಮಾತು

ಹಳೆಯ ಕನ್ನಡ ನಾಟಕದ ಅಚ್ಚಿನ ಪ್ರತಿ ತೆರೆದರೆ ಪಾತ್ರದ ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಒಂದು ಪುಟ್ಟ ಪದ ಕಾಣುತ್ತದೆ: ಸ್ವಗತ. ಒಂದೆರಡು ಸಾಲಾದ ಮೇಲೆ ಇನ್ನೊಂದು: ಪ್ರಕಾಶ. ಸ್ವಗತವೆಂದರೆ ಪಕ್ಕದಲ್ಲೇ ನಿಂತ ಮಂತ್ರಿಗೆ ಕೇಳಿಸದ, ಆದರೆ ಕೊನೆಯ ಸಾಲಿನಲ್ಲಿ ಕೂತ ಪ್ರೇಕ್ಷಕನಿಗೆ ಚೆನ್ನಾಗಿ ಕೇಳಿಸುವ ಮಾತು. ಈ ಏರ್ಪಾಡು ಸಂಸ್ಕೃತ ನಾಟಕದಿಂದ ಬಂದದ್ದು. ಅಲ್ಲಿ ಯಾರಿಗೆ ಕೇಳಿಸಬೇಕು, ಯಾರಿಗೆ ಕೇಳಿಸಬಾರದು ಎಂಬುದಕ್ಕೆ ಒಂದೊಂದು ಹೆಸರಿದೆ. ಉಳಿದವರನ್ನು ಹೊರಗಿಟ್ಟು ಒಬ್ಬನಿಗೆ ಹೇಳುವುದು ಜನಾಂತಿಕ. ಅದಕ್ಕೆ ತ್ರಿಪತಾಕ ಹಸ್ತದ ಮರೆ. ಇಲ್ಲದವನ ಮಾತನ್ನು ಕೇಳಿಸಿಕೊಂಡಂತೆ ಉತ್ತರಿಸುವುದು ಆಕಾಶಭಾಷಿತ. ಒಬ್ಬನೇ ನಟ ಇಡೀ ಊರನ್ನು ಕಾಣಿಸುವ ಭಾಣವೆಂಬ ರೂಪಕ ನಿಂತಿರುವುದೇ ಇದರ ಮೇಲೆ.

ಸ್ವಗತದಲ್ಲಿ ಪಾತ್ರ ನಿಜ ಹೇಳುತ್ತದೆ ಎಂಬುದು ನಾಟಕ ಓದುವವರೆಲ್ಲರ ನಂಬಿಕೆ. ಬೇರೆಯವರ ಎದುರು ಮುಖವಾಡ, ಒಬ್ಬನೇ ಇದ್ದಾಗ ಮುಖ. ಬೇಲಾಪುರದ ಒಬ್ಬ ಹೆಂಗಸೂ ಹಾಗೆಯೇ ನಂಬಿದ್ದರು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಪಾತ್ರ ಕೈಗೆ ಬರುವವರೆಗೆ.

ಅವರ ಮನೆ ಇರುವುದು ಆರ್ಟಿಸ್ಟ್ಸ್ ವಿಲೇಜಿನಲ್ಲಿ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಈ ಬಡಾವಣೆಯಲ್ಲಿ ಮನೆಗಳು ಏಳೇಳರ ಗುಂಪಾಗಿ ಒಂದೊಂದು ಅಂಗಳದ ಸುತ್ತ ಕೂತಿವೆ. ಒಂದು ಮನೆಯ ಕುಕ್ಕರ್ ಸೀಟಿ ಏಳೂ ಮನೆಗೆ ಕೇಳಿಸುತ್ತದೆ. ಗಂಡ ಸಾತಾರಾ ಕಡೆಯ ಮರಾಠಿಗರು, ಮಗ ಪುಣೆಯಲ್ಲಿ. ಮನೆಯಲ್ಲಿ ಕನ್ನಡವೆಂದರೆ ಹೊನ್ನಾವರದ ಕಡೆಯಿಂದ ಬಂದು ಜತೆಗಿದ್ದ ಆಯಿ ಒಬ್ಬರೇ. ಆರು ವರ್ಷ ಇದ್ದರು, ಕೊನೆಯ ಎರಡು ವರ್ಷ ಹಾಸಿಗೆಯಲ್ಲಿ. ಆಯಿ ಹೋದ ಮೇಲೆ ಆ ಮನೆಯಲ್ಲಿ ಕನ್ನಡ ನಿಂತಿತು. ಹೊರಗಿನ ಮರಾಠಿ, ರೈಲಿನ ಹಿಂದಿ, ಬ್ಯಾಂಕಿನ ಇಂಗ್ಲಿಷ್ ಎಲ್ಲ ಇದ್ದವು. 'ತಂಗೀ' ಎಂದು ಕರೆಯುವ ದನಿಯೊಂದು ಇರಲಿಲ್ಲ.

ಅಷ್ಟರಲ್ಲಿ ಹವ್ಯಾಸಿ ತಂಡವೊಂದು ಅವರನ್ನು ಕೇಳಿತು: ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದ ಮಂಜುಳಾ ನಾಯಕ್ ಮಾಡುತ್ತೀರಾ?

ಬೇಲಾಪುರದಿಂದ ಬಹಳ ದೂರವಲ್ಲದ ಮಾಥೇರಾನದಲ್ಲಿ 1938ರಲ್ಲಿ ಹುಟ್ಟಿದ ಕಾರ್ನಾಡರು ಬರೆದ ಈ ನಾಟಕ 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಮೊದಲು ರಂಗವೇರಿತು; ಕನ್ನಡದಲ್ಲಿ ಮಂಜುಳಾ ಆದವರು ಅರುಂಧತಿ ನಾಗ್. ಇಡೀ ನಾಟಕಕ್ಕೆ ಒಬ್ಬಳೇ ನಟಿ. ಮಂಜುಳಾ ಕನ್ನಡದ ಲೇಖಕಿ, ಈಗ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಜಗತ್ತಿಗೆಲ್ಲ ಗೊತ್ತಾದವಳು. ಟಿವಿ ಸ್ಟುಡಿಯೋದಲ್ಲಿ ಕೂತು, ಗಾಲಿಕುರ್ಚಿಯಲ್ಲೇ ಬದುಕಿ ತೀರಿಕೊಂಡ ತಂಗಿ ಮಾಲಿನಿಯನ್ನು ನೆನೆಯುತ್ತ ಭಾಷಣ ಮಾಡುತ್ತಾಳೆ. ಭಾಷಣ ಮುಗಿಸಿ ಏಳುತ್ತಾಳೆ. ಪರದೆಯ ಮೇಲಿನ ಅವಳ ಬಿಂಬ ಮಾತ್ರ ಹೋಗುವುದಿಲ್ಲ. ಅದು ಪ್ರಶ್ನೆ ಕೇಳಲು ಶುರುಮಾಡುತ್ತದೆ. ಕಾದಂಬರಿ ನಿಜಕ್ಕೂ ಯಾರದೆಂಬುದು ಹೊರಬೀಳುವವರೆಗೆ ಬಿಡುವುದಿಲ್ಲ.

ಸ್ವಗತವೆಂಬ ಹಳೆಯ ಉಪಾಯವನ್ನು ಕಾರ್ನಾಡರು ಇಲ್ಲಿ ತಿರುಗಿಸಿ ಹಾಕಿದ್ದಾರೆ. ಒಬ್ಬಳನ್ನೇ ಬಿಟ್ಟರೆ ಮಂಜುಳಾ ನಿಜ ಹೇಳುವವಳಲ್ಲ. ತನಗೆ ತಾನೇ ಇನ್ನೂ ಚೆಂದದ ಸುಳ್ಳು ಹೇಳಿಕೊಳ್ಳುವವಳು. ಆದ್ದರಿಂದ ಅವಳ ಸ್ವಗತಕ್ಕೆ ಒಬ್ಬ ಪಾಟೀಸವಾಲಿನ ವಕೀಲ ಬೇಕಾಯಿತು.

ಮೊದಲ ತಾಲೀಮಿನಲ್ಲಿ ಬೇಲಾಪುರದ ಈ ಹೆಂಗಸಿಗೆ ಕಷ್ಟವಾದದ್ದು ಕೊನೆಯ ಭಾಗವಲ್ಲ, ಆರಂಭದ ಭಾಷಣ. ತಂಗಿಯ ಮೇಲಿನ ಪ್ರೀತಿಯ ಮಾತುಗಳನ್ನು ಅವರು ಸ್ವಲ್ಪ ಕೊಂಕಾಗಿ, ಪ್ರೇಕ್ಷಕರಿಗೆ ಕಣ್ಣು ಮಿಟುಕಿಸಿದಂತೆ ಹೇಳುತ್ತಿದ್ದರು. ನಿರ್ದೇಶಕನಾಗಿದ್ದ ಹುಡುಗ ತಡೆದ: "ಅಕ್ಕಾ, ಅದು ಸುಳ್ಳು ಅಂತ ನೀವು ಮೊದಲೇ ಹೇಳ್ಬಿಡ್ತಿದ್ದೀರಿ. ಅವಳು ನಂಬ್ಕೊಂಡೇ ಹೇಳ್ತಾಳೆ. ಆ ಮಾತು ಅರ್ಧ ನಿಜಾನೂ ಹೌದು."

ಅರ್ಧ ನಿಜ ಎಂಬ ಮಾತು ಅವರನ್ನು ಮನೆಯವರೆಗೂ ಬಿಡಲಿಲ್ಲ. ಆಯಿಯ ಹದಿಮೂರನೆಯ ದಿನ ನೆಂಟರೆದುರು ಅವರೂ ಒಂದು ಮಾತು ಆಡಿದ್ದರು: ಎರಡು ವರ್ಷ ಸೇವೆ ಮಾಡುವ ಭಾಗ್ಯ ಸಿಕ್ಕಿತು, ಒಂದು ದಿನವೂ ಭಾರ ಅನ್ನಿಸಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡಿದ್ದರು. ಅವರೂ ಒರೆಸಿಕೊಂಡಿದ್ದರು, ಆ ಕಣ್ಣೀರು ನಿಜದ್ದೇ. ಆದರೆ ರಾತ್ರಿ ಮೂರನೆಯ ಸಲ ಕರೆದಾಗ ಹಲ್ಲು ಕಚ್ಚಿಕೊಂಡು ಎದ್ದದ್ದೂ, ಇದು ಯಾವಾಗ ಮುಗಿಯುತ್ತದೋ ಎಂದುಕೊಂಡದ್ದೂ ಅಷ್ಟೇ ನಿಜ.

ಅಲ್ಲಿಂದ ಅವರು ಸ್ವಗತಗಳನ್ನು ಬೇರೆ ಕಿವಿಯಿಂದ ಕೇಳತೊಡಗಿದರು. ಕಾರ್ನಾಡರದ್ದೇ 'ತುಘಲಕ್' (1964) ತೆಗೆದುಕೊಳ್ಳಿ. ಮಲತಾಯಿಗೆ ಸಾವಿನ ಶಿಕ್ಷೆ ವಿಧಿಸಿದ ಸುಲ್ತಾನ ಒಬ್ಬನೇ ಉಳಿದಾಗ ಮೊಣಕಾಲೂರಿ ದೇವರನ್ನು ಬೇಡುತ್ತಾನೆ. ಆ ಗಳಿಗೆಯನ್ನಷ್ಟೇ ಕತ್ತರಿಸಿ ತೋರಿಸಿದರೆ ಅವನೊಬ್ಬ ಪಶ್ಚಾತ್ತಾಪದ ಮನುಷ್ಯ. ಆದರೆ ಪ್ರೇಕ್ಷಕ ಅದಕ್ಕೂ ಮೊದಲು ಏನೇನು ನೋಡಿದ್ದಾನೆ! ಪ್ರಾರ್ಥನೆಯ ಹೊತ್ತಿನಲ್ಲೇ ಸುಲ್ತಾನನನ್ನು ಕೊಲ್ಲುವ ಸಂಚು ನಡೆದಿದೆ, ಆಮೇಲೆ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸಿದ್ದಾನೆ. ಹಾಗೆ ಮಾಡಿದವನ ಬಾಯಲ್ಲಿ ಈಗ ಪ್ರಾರ್ಥನೆ. ಅದು ನಾಟಕವೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆ ನಡುವಿನ ಜಾಗದಲ್ಲೇ ಅವನ ಸ್ವಭಾವ ಕಾಣುವುದು. ಶೇಕ್ಸ್‌ಪಿಯರನ 'ಹ್ಯಾಮ್ಲೆಟ್'ನಲ್ಲಿ ಅಣ್ಣನನ್ನು ಕೊಂದ ಕ್ಲಾಡಿಯಸ್ ಮಂಡಿಯೂರುವುದೂ ಇಂಥದೇ. ಹಿಂದಿನಿಂದ ಕತ್ತಿ ಹಿಡಿದು ಬಂದ ಹ್ಯಾಮ್ಲೆಟ್ ಅವನು ಪ್ರಾರ್ಥಿಸುತ್ತಿದ್ದಾನೆಂದು ನಂಬಿ ಹಿಂದೆ ಸರಿಯುತ್ತಾನೆ. ಪ್ರಾರ್ಥನೆ ತನ್ನಿಂದಾಗುತ್ತಿಲ್ಲ ಎಂದು ಕ್ಲಾಡಿಯಸ್ ಹೇಳಿಕೊಂಡದ್ದು ಕೇಳಿದವರು ನಾವು ಮಾತ್ರ.

ಕನ್ನಡಕ್ಕೆ ಇದು ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ಜತೆಗೆ ಸಂಜಯನಿದ್ದರೂ ಆಡುವ ಮಾತು ಬಹುಪಾಲು ತನಗೆ ತಾನೇ. ಕರ್ಣ, ದುಶ್ಶಾಸನರಿಗಾಗಿ ಅಳುವುದು ಸಹಜ. ಆದರೆ ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು, ತನಗೂ ಅಂಥ ಸಾವು ಸಿಗಲೆಂದು ಬಯಸುತ್ತಾನಲ್ಲ, ಅಲ್ಲಿ ಅವನು ನಮಗೆ ಮೊದಲ ಸಲ ಪೂರ್ತಿ ಸಿಗುತ್ತಾನೆ. ಅಂಥ ಮಾತು ಅವನಿಂದ ಬರುತ್ತದೆಂದು ಯಾರೂ ಎಣಿಸಿರುವುದಿಲ್ಲ. ಬಿ.ಎಂ.ಶ್ರೀ ಆ ಕಾವ್ಯವನ್ನು ನಾಟಕವಾಗಿ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ತಾಳಮದ್ದಲೆಯ ಪೀಠಿಕೆಯೂ ಇದರ ನಂಟೇ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ಮೊದಲು ತಾನು ಯಾರು, ಯಾವ ಇಕ್ಕಟ್ಟಿನಲ್ಲಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರಿಗೆ ಗೊತ್ತು: ಅವರ ಪ್ರತಿನಾಯಕ ತನ್ನ ಪರ ಎಷ್ಟು ಬಿಗಿಯಾಗಿ ವಾದಿಸುತ್ತಾನೋ ಅಷ್ಟೇ ಅವನೊಳಗಿನ ಬಿರುಕು ಕೇಳುಗನಿಗೆ ತೆರೆದುಕೊಳ್ಳುತ್ತದೆ. ಈ ಕಡಲ ತೀರದ ಆಟದ ಋಣ ಮರಾಠಿ ರಂಗಭೂಮಿಗೂ ಇದೆ. ಕರ್ನಾಟಕದ ಭಾಗವತರ ಆಟ ಕಂಡ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆ 1843ರಲ್ಲಿ ಸಾಂಗಲಿಯಲ್ಲಿ 'ಸೀತಾಸ್ವಯಂವರ' ಆಡಿಸಿದ್ದು. ಬೇಲಾಪುರದಿಂದ ನಾಲ್ಕಾರು ಸ್ಟೇಷನ್ ಆಚೆ, ವಾಶಿಯ ನಾಟ್ಯಗೃಹಕ್ಕೆ ಇರುವುದು ಅವರದೇ ಹೆಸರು.

ಈ ನಟಿಗೆ ತಾಲೀಮು ಎಂದರೆ ಮನೆಯಲ್ಲಿ ಗಟ್ಟಿಯಾಗಿ ಕನ್ನಡ ಮಾತಾಡಲು ಸಿಕ್ಕ ಪರವಾನಗಿಯೂ ಆಗಿತ್ತು. ಅಡುಗೆಮನೆಯಲ್ಲಿ ಸಾಲು ಉರು ಹೊಡೆಯುತ್ತಿದ್ದಾಗ ಅಂಗಳದಲ್ಲಿ ಆಡುತ್ತಿದ್ದ ಪಕ್ಕದ ಮನೆಯ ಹುಡುಗಿ ಕಿಟಕಿಗೆ ಬಂದು ಮರಾಠಿಯಲ್ಲಿ ಕೇಳಿದಳು: ಕಾಕೂ, ಯಾರ ಹತ್ತಿರ ಮಾತಾಡ್ತಿದ್ದೀರಿ? ಅವರು ನಕ್ಕು, ಯಾರ ಹತ್ತಿರವೂ ಇಲ್ಲ ಎಂದರು. ಹೇಳಿದ ಮೇಲೆ ಅದು ನಿಜವಲ್ಲ ಅನ್ನಿಸಿತು.

ಪ್ರಯೋಗಕ್ಕೆ ಮೂರು ದಿನ ಇದ್ದಾಗ, ರಾತ್ರಿ ಊಟದ ಮೇಲೆ, ಅವರು ಗಂಡನಿಗೆ ಆ ಹದಿಮೂರನೆಯ ದಿನದ ಮಾತಿನ ಇನ್ನರ್ಧ ಹೇಳಿದರು. ಮರಾಠಿಯಲ್ಲಿ ಹೇಳುವಾಗ ಅದು ಇನ್ನೂ ಒರಟಾಗಿ ಕೇಳಿಸಿತು. ಗಂಡ ತಟ್ಟೆ ಎತ್ತಿಡುತ್ತ, ತನಗೆ ಗೊತ್ತಿತ್ತು ಎಂದರು. ಆ ಎರಡು ವರ್ಷ ರಾತ್ರಿ ನೀನು ಸಿಂಕಿನ ಮುಂದೆ ನಿಂತು ಒಬ್ಬಳೇ ಗೊಣಗುತ್ತಿದ್ದೆಯಲ್ಲ, ಕನ್ನಡ ತಿಳಿಯಲಿಲ್ಲ, ದನಿ ತಿಳಿಯಿತು. ಬೈದು ಮುಗಿಸಿ ಮತ್ತೆ ಬಿಸಿನೀರು ತಗೊಂಡು ಆಯಿಯ ಕೋಣೆಗೆ ಹೋಗುತ್ತಿದ್ದದ್ದನ್ನೂ ನೋಡಿದ್ದೇನೆ.

ನಾಟಕದ ದಿನ ಆರಂಭದ ಭಾಷಣವನ್ನು ಅವರು ಕಣ್ಣು ಮಿಟುಕಿಸದೆ, ಒಂದೊಂದು ಪದವನ್ನೂ ನಂಬಿ ಹೇಳಿದರು.