ಉಕ್ಕಿನೂರಿನಲ್ಲಿ ಒಂದು ತಟ್ಟೆ ಕಾಡು

ನಾವು ಸ್ಯಾಂಡ್‌ವಿಕೆನ್‌ಗೆ ಬಂದ ಹೊಸತರಲ್ಲಿ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ, "ಅಲ್ಲಿ ಏನಿದೆ?" ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಸುಮಾರು 190 ಕಿ.ಮೀ. ದೂರದ ಊರು. ಒಂದು ಕಡೆ ಸ್ಟೂರ್‌ಶೋನ್ ಸರೋವರ, ಇನ್ನೊಂದು ಕಡೆ ಉಕ್ಕಿನ ಕಾರ್ಖಾನೆ, ಮಿಕ್ಕಿದ್ದೆಲ್ಲ ಕಾಡು. ನಮ್ಮ ಅತ್ತೆಯವರು ಇದನ್ನು ಕೇಳಿ, "ಹಾಗಾದರೆ ನಮ್ಮ ಭದ್ರಾವತಿ ಇದ್ದ ಹಾಗೇ ಬಿಡು" ಅಂದರು.

ಅವರು ಅಂದದ್ದು ಸುಮ್ಮನೆ ಅಲ್ಲ. ಯೋರಾನ್ ಫ್ರೆಡ್ರಿಕ್ ಯೋರಾನ್ಸನ್ ಎಂಬ ವ್ಯಾಪಾರಿ ಹತ್ತಿರದ ಎಡ್‌ಸ್ಕೆನ್‌ನಲ್ಲಿ 1858ರಲ್ಲಿ ಬೆಸೆಮರ್ ವಿಧಾನದಿಂದ ಒಳ್ಳೆಯ ಉಕ್ಕು ಮಾಡಿ ತೋರಿಸಿದ. 1862ರಲ್ಲಿ ಇಲ್ಲಿ ಕಂಪನಿ ಶುರುವಾಯಿತು. ಊರು ಬೆಳೆದದ್ದೇ ಅದರ ಸುತ್ತ. ಆಗ ಇಲ್ಲಿನ ಕಬ್ಬಿಣ ಕರಗುತ್ತಿದ್ದದ್ದು ಕಾಡಿನ ಮರ ಸುಟ್ಟ ಇದ್ದಿಲಿನಲ್ಲಿ. 1923ರಲ್ಲಿ ಶುರುವಾದ ಭದ್ರಾವತಿಯ ಕುಲುಮೆಗೂ ಮಲೆನಾಡಿನ ಮರದ ಇದ್ದಿಲೇ ಆಹಾರ. ಎರಡೂ ಕಾಡು ತಿಂದು ಬೆಳೆದ ಊರುಗಳು. ಮಾವನವರು ಅಲ್ಲಿ ಕೆಲಸಕ್ಕಿದ್ದರು, ಅವರ ಮಗ ಇಲ್ಲಿ.

ನಮ್ಮ ಕಾಡಿನ ಕಥೆ ಶುರುವಾದದ್ದು ಮೂಗಿನಿಂದ. ಒಂದು ಶರತ್ಕಾಲ ಮಗ ಶಾಲೆಯಿಂದ ಮೂಗಿನ ಮೇಲೆ ಹಸಿರು ರೆಕ್ಕೆ ಅಂಟಿಸಿಕೊಂಡು ಬಂದ. ಮೇಪಲ್ ಮರದ ಬೀಜ. ಸೀಳಿದರೆ ಒಳಗೆ ಅಂಟಂಟು, ಮೂಗಿಗೆ ಚೆನ್ನಾಗಿ ಕೂರುತ್ತದೆ. ಇಲ್ಲಿನವರು ಅದಕ್ಕೆ 'ಮೇಪಲ್ ಮೂಗು' ಎಂದೇ ಹೆಸರಿಟ್ಟಿದ್ದಾರೆ. ಮರಕ್ಕೆ ಸ್ವೀಡಿಷ್‌ನಲ್ಲಿ 'ಲೊನ್' ಎನ್ನುತ್ತಾರೆ. ನಾನು ಹಾಗಂದರೆ ಮಗನಿಗೆ ನಗು. ಬಾಯಿ 'ಒ' ಎನ್ನುವ ಹಾಗೆ ಮಾಡಿ 'ಎ' ಎನ್ನಬೇಕಂತೆ. "ಕನ್ನಡದಲ್ಲಿ ಇದಕ್ಕೆ ಏನಂತಾರೆ?" ಎಂದು ಅಜ್ಜಿಯನ್ನು ಕೇಳಿದ. "ನಾನು ಆ ಮರವನ್ನೇ ನೋಡಿಲ್ಲ ಪುಟ್ಟ, ಹೆಸರು ಎಲ್ಲಿಂದ ತರಲಿ? ನಮ್ಮ ಹೊನ್ನೆ ಬೀಜಕ್ಕೂ ರೆಕ್ಕೆ ಇರುತ್ತೆ" ಅಂದರು. ಆಗ ಅವನು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಹಂತದಲ್ಲಿದ್ದ. ಅಜ್ಜಿಯ ಜೊತೆ ಎರಡು ಮಾತಾಡಿ ಫೋನ್ ನನ್ನ ಕೈಗೆ ಕೊಟ್ಟು ಓಡುತ್ತಿದ್ದ. ಅವತ್ತು ಹತ್ತು ನಿಮಿಷ ಮಾತಾಡಿದ. ಅದನ್ನು ನಾನು ಗಮನಿಸಿದೆ.

ಆ ಮರದ ಬೀಜದಿಂದಲೇ ಬೋನ್ಸಾಯ್ ಕಾಡು ಮಾಡೋಣ ಅಂದುಕೊಂಡೆವು. ನೆರೆಮನೆಯ ಹಿರಿಯ ಹೆಂಗಸು, ತೋಟದಲ್ಲಿ ಪಳಗಿದ ಕೈ, ಬೇಡ ಅಂದರು. ಆ ಮೇಪಲ್ಲಿನ ಎಲೆ ಅಂಗೈಗಿಂತ ದೊಡ್ಡದು, ತಟ್ಟೆಯಲ್ಲಿ ಕೊಡೆ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಜಪಾನಿನ ಮೇಪಲ್ ಎಲೆ ಚಿಕ್ಕದು, ಆದರೆ ಇಲ್ಲಿನ ಚಳಿ ತಡೆಯುವುದು ಕಷ್ಟ. ಅವರ ಬೇಲಿಯಲ್ಲಿದ್ದದ್ದು ಗಿನ್ನಾಲ ಮೇಪಲ್: ಸಣ್ಣ ಎಲೆ, ಗಟ್ಟಿ ಜೀವ, ಶರತ್ಕಾಲಕ್ಕೆ ಕುಂಕುಮದಂತೆ ಕೆಂಪು. ಬೇಲಿಯ ಬುಡದಲ್ಲಿ ತಾನಾಗಿ ಎದ್ದ ಸಸಿಗಳನ್ನು ಅವರು ಕಳೆ ಎಂದು ಕಿತ್ತೆಸೆಯುತ್ತಿದ್ದರು. ನಮಗೆ ಕೊಟ್ಟರು. (ಇಲ್ಲಿ ಯಾರ ಕಾಡಿನಲ್ಲಾದರೂ ಓಡಾಡಬಹುದು, ಹಣ್ಣು, ಅಣಬೆ ಆರಿಸಬಹುದು. ಆದರೆ ಜಾಗದ ಒಡೆಯರನ್ನು ಕೇಳದೆ ಸಸಿ ಕೀಳುವ ಹಾಗಿಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ.)

ಏಪ್ರಿಲ್ ಕೊನೆಗೆ, ಮೊಗ್ಗು ಉಬ್ಬಿ ಇನ್ನೂ ಒಡೆಯದಿದ್ದಾಗ ನೆಟ್ಟೆವು. ತಳದಲ್ಲಿ ತೂತಿರುವ ಅಗಲ ಬಾಯಿಯ, ನಾಲ್ಕು ಬೆರಳು ಆಳದ ತಟ್ಟೆ. ಮಣ್ಣಿಗೆ ಪ್ಯೂಮಿಸ್ ಕಲ್ಲು, ಸ್ವಲ್ಪ ಪೈನ್ ತೊಗಟೆಯ ಚೂರು. ಪುಡಿ ಉಳಿದರೆ ನೀರು ಬಸಿಯುವುದಿಲ್ಲ, ಬೇರು ಕೊಳೆಯುತ್ತದೆ. ಆದ್ದರಿಂದ ಜರಡಿ ಹಿಡಿಯಬೇಕು. ಜರಡಿ, ಬಸಿ, ತೊಗಟೆ, ಟಿಸಿಲು, ತಾಯಿಬೇರು: ಈ ಮಾತುಗಳನ್ನು ನಾನು ಕೂತು ಕಲಿಸಲಿಲ್ಲ. ಕೈ ಕೆಸರಾಗಿರುವಾಗ ಬಾಯಿಗೆ ಬಂದವು, ಮಕ್ಕಳ ಬಾಯಿಗೂ ಹೋದವು.

ಸಸಿಗಳ ತಾಯಿಬೇರು ಮೊಟಕು ಮಾಡಿ, ಪಕ್ಕದ ಬೇರುಗಳನ್ನು ಬಾಚಿ ಹರಡಿ, ತಟ್ಟೆಯ ತೂತಿನಿಂದ ತಂದ ತಂತಿಗೆ ಕಟ್ಟಿದೆವು, ಗಾಳಿಗೆ ಅಲುಗದಿರಲಿ ಅಂತ. ಏಳು ಗಿಡ. ಸಂಖ್ಯೆ ಬೆಸವಾಗಿದ್ದರೆ ಕಣ್ಣು ಅದನ್ನು ಜೋಡಿ ಮಾಡಿ ಎಣಿಸುವುದಿಲ್ಲ. ಎತ್ತರದ ದಪ್ಪ ಗಿಡ ನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ಸಣ್ಣವು ಅಂಚಿಗೆ, ಹಿಂದಕ್ಕೆ. ಎದುರಿನಿಂದ ನೋಡಿದರೆ ಮೂರು ಗಿಡ ಒಂದೇ ಸಾಲಿಗೆ ಬರಬಾರದು. ಇದಕ್ಕೆ ಅಜ್ಜಿಯ ತಕರಾರು: "ನೆಟ್ಟಿದ್ದು ತೋಪು. ಕಾಡು ತಾನಾಗಿ ಬೆಳೀಬೇಕು." ಮಗ ಒಪ್ಪಲಿಲ್ಲ. ಬೇಲಿ ಬುಡದಲ್ಲಿ ತಾವಾಗೇ ಹುಟ್ಟಿದವು, ಆದ್ದರಿಂದ ಕಾಡೇ ಎಂದು ವಾದಿಸಿದ. ಎರಡು ಫೋನ್ ಕರೆಯಷ್ಟು ವಾದ ನಡೆಯಿತು, ಅಷ್ಟೂ ಕನ್ನಡದಲ್ಲಿ.

ತಪ್ಪು ಮಾಡಿದ್ದು ನಾನು. ನವೆಂಬರ್‌ನಲ್ಲಿ ಮೊದಲ ಹಿಮ ಬಿದ್ದ ರಾತ್ರಿ ಮನಸ್ಸು ತಡೆಯದೆ ತಟ್ಟೆಯನ್ನು ಒಳಗೆ ತಂದು ಅಡುಗೆಮನೆ ಕಿಟಕಿಯ ಬಳಿ ಇಟ್ಟೆ. ಎಲೆ ಉದುರಿಸುವ ಮೇಪಲ್ಲಿಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಬೆಚ್ಚಗಿನ ಕೋಣೆಯಲ್ಲಿ ಅದಕ್ಕೆ ವಸಂತ ಬಂತೆಂಬ ಭ್ರಮೆ. ಜನವರಿಯಲ್ಲಿ ಚಿಗುರಿದವು. ನಾವು ಕುಣಿದಾಡಿ ಫೋಟೊ ಕಳಿಸಿದೆವು. ಆದರೆ ಹೊರಗೆ ದಿನಕ್ಕೆ ಏಳು ಗಂಟೆಯೂ ಬೆಳಕಿಲ್ಲ. ಚಿಗುರು ಬಿಳಿಚಿಕೊಂಡು ಜೋತುಬಿದ್ದವು. ಮಾರ್ಚ್ ಹೊತ್ತಿಗೆ ಮೂರು ಗಿಡ ಸತ್ತಿದ್ದವು. ಮಗಳು ಒಣ ಕಡ್ಡಿಗಳನ್ನು ಕೀಳಲು ಬಿಡಲಿಲ್ಲ.

ಉಳಿದದ್ದು ನಾಲ್ಕು. ಅದೇ ತಿಂಗಳು ಇನ್ನೊಂದು ನಾಲ್ಕರ ಲೆಕ್ಕವೂ ಎದುರಿಗಿತ್ತು. ಸ್ವೀಡನ್‌ನಲ್ಲಿ ಶಾಲೆಯೇ ಮಾತೃಭಾಷೆ ಕಲಿಸುತ್ತದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಆ ಭಾಷೆಗೆ ನಗರಸಭೆ ವ್ಯಾಪ್ತಿಯಲ್ಲಿ ಕನಿಷ್ಠ 5 ಮಕ್ಕಳು ಬೇಕು, ತಕ್ಕ ಶಿಕ್ಷಕರೂ ಸಿಗಬೇಕು. ನಮಗೆ ಗೊತ್ತಿದ್ದ ಕನ್ನಡದ ಮಕ್ಕಳು ನಾಲ್ಕೇ. ಐದನೆಯ ಗಿಡ ನೆರೆಯವರ ಬೇಲಿಯಲ್ಲಿ ಸಿಕ್ಕಿತು. ಐದನೆಯ ಮಗು ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಶನಿವಾರ ನಾಲ್ವರೂ ನಮ್ಮ ಅಡುಗೆಮನೆಯಲ್ಲೇ ಕೂರುತ್ತಾರೆ. ಅರ್ಧ ಗಂಟೆ ಅಕ್ಷರ, ಆಮೇಲೆ ತಟ್ಟೆಗೆ ನೀರು, ಪಾಚಿ ಅಂಟಿಸುವುದು, ಬೇಸಿಗೆಯಾದರೆ ಉದ್ದ ಬಂದ ಟಿಸಿಲನ್ನು ಎರಡು ಎಲೆಗೆ ಚಿವುಟುವುದು. ದೊಡ್ಡ ಕೊಂಬೆ ಕತ್ತರಿಸುವುದಿದ್ದರೆ ಬೇಸಿಗೆ ನಡುವೆ ಮಾಡಿ. ವಸಂತದ ಶುರುವಿನಲ್ಲಿ ಕತ್ತರಿಸಿದರೆ ಮೇಪಲ್ಲಿನ ಗಾಯದಿಂದ ರಸ ಸೋರುತ್ತಲೇ ಇರುತ್ತದೆ.

ಎರಡನೆಯ ಚಳಿಗಾಲಕ್ಕೆ ತಟ್ಟೆಯನ್ನು ಮನೆಯ ಉತ್ತರದ ಗೋಡೆಯ ಬುಡದಲ್ಲಿ ನೆಲಕ್ಕಿಳಿಸಿ, ಸುತ್ತ ಒಣ ಎಲೆ ತುಂಬಿದೆವು. ಅಲ್ಲಿ ಬಿಸಿಲು ಬೀಳುವುದಿಲ್ಲ, ಹಾಗಾಗಿ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವ ಕಾಟ ಕಡಿಮೆ. ಮೇಲೆ ಬಿದ್ದ ಹಿಮವೇ ಕಂಬಳಿ. ಆಳವಿಲ್ಲದ ತಟ್ಟೆಯಲ್ಲಿ ಮೊದಲು ಸಾಯುವುದು ಬೇರು, ಕೊಂಬೆಯಲ್ಲ.

ಡಿಸೆಂಬರ್‌ನಲ್ಲಿ ಮಗ ಫೋನ್ ಹಿಡಿದು ಹೊರಗೆ ಹೋಗಿ ಅಜ್ಜಿಗೆ ತೋರಿಸಿದ. ಹಿಮದ ಗುಡ್ಡೆ ಬಿಟ್ಟರೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಅಯ್ಯೋ, ಅದಕ್ಕೆ ಚಳಿ ಆಗಲ್ವೇನೋ ಪುಟ್ಟ? ಒಳಗೆ ತಂದಿಡು."

"ಇಲ್ಲ ಅಜ್ಜಿ, ಅದು ಮಲಗಿದೆ. ಎಬ್ಬಿಸಬಾರದು. ಮೇ ತಿಂಗಳಲ್ಲಿ ಫೋನ್ ಮಾಡ್ತೀನಿ."

"ಅಲ್ಲೀವರೆಗೂ ಮಾಡಲ್ವಾ?"

"ಮಾಡ್ತೀನಿ ಮಾಡ್ತೀನಿ," ಎಂದವನು ಕೈಚೀಲ ಬಿಚ್ಚಿ, ಹಿಮ ಎಷ್ಟು ಗೇಣು ಇದೆ ಎಂದು ಅಳೆದು ಹೇಳತೊಡಗಿದ.